ಮಗುವಿನ ಕಿವಿ, ಹಿರಿಯರ ಅವಸರ

ಹೊರಚಾಚಿದ ಕಿವಿಯನ್ನು ತಲೆಗೆ ಹತ್ತಿರ ತಂದು ಕೂರಿಸುವ ಓಟೊಪ್ಲಾಸ್ಟಿ ಎಂಬ ಶಸ್ತ್ರಚಿಕಿತ್ಸೆ ಇಂದು ಮುಂಬಯಿ, ಪುಣೆ, ಚೆನ್ನೈಗಳಂಥ ನಗರಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಹಣವುಳ್ಳ ಮನೆಗಳಿಗೆ ಅದು ದೊಡ್ಡ ಸಂಗತಿಯೂ ಅಲ್ಲ. ಆದರೆ ಕತ್ತಿಯ ಕೆಳಗೆ ಬರುವುದು ಬಹಳ ಸಲ ಮಗುವಿನ ಕಿವಿ. ನಿರ್ಧಾರ ಮಾತ್ರ ಹಿರಿಯರದು. ಸಮಾಜವು ವಿಚಾರಿಸಬೇಕಾದದ್ದು ಈ ಅಂತರವನ್ನು.

ಇಂಥ ಕಿವಿ ರೋಗವಲ್ಲ. ಕಿವಿಯ ಒಳಮಡಿಕೆ ಸರಿಯಾಗಿ ಮೂಡದಿದ್ದಾಗ ಅಥವಾ ಅದರ ಬಟ್ಟಲು ಆಳವಾಗಿದ್ದಾಗ ಕಿವಿ ಹೊರಕ್ಕೆ ಬಾಗಿ ಕಾಣುತ್ತದೆ. ಅನೇಕ ವೇಳೆ ಅದು ವಂಶದಲ್ಲಿ ಬಂದ ಲಕ್ಷಣ. ಅದರಿಂದ ಶ್ರವಣಶಕ್ತಿಗೆ ಕುಂದಿಲ್ಲ. ಐದಾರು ವರ್ಷಕ್ಕೆ ಕಿವಿ ಬಹುಪಾಲು ಬೆಳೆದಿರುವುದರಿಂದ ವೈದ್ಯರು ಸಾಮಾನ್ಯವಾಗಿ ಆ ವಯಸ್ಸಿನ ಬಳಿಕವೇ ಶಸ್ತ್ರಚಿಕಿತ್ಸೆಗೆ ಒಪ್ಪುತ್ತಾರೆ. ಕಿವಿಯ ಹಿಂಬದಿಯನ್ನು ಕೊಯ್ದು, ಮೃದ್ವಸ್ಥಿಯನ್ನು ಮಡಿಸಿ ಹೊಲಿಯುತ್ತಾರೆ. ಚಿಕ್ಕ ಮಕ್ಕಳಿಗೆ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಸೋಂಕು, ರಕ್ತ ಹೆಪ್ಪುಗಟ್ಟುವುದು, ಗಾಯದ ಕಲೆ ಉಬ್ಬುವುದು, ಕಿವಿ ಮತ್ತೆ ಹೊರಬಾಗುವುದು ಇವೆಲ್ಲ ಅಪರೂಪವಾದರೂ ಅಸಂಭವವಲ್ಲ.

ಹಾಗೆಂದು ಈ ಚಿಕಿತ್ಸೆಯನ್ನು ಪಾಪವೆಂದು ತಳ್ಳಿಹಾಕುವುದು ಸಲ್ಲದು. ಭಾರತದಲ್ಲಿ ಹರಿದ ಕಿವಿಯನ್ನು ಕೂಡಿಸುವ ವಿದ್ಯೆ ಸುಶ್ರುತನಷ್ಟು ಹಳೆಯದು. ಶಾಲೆಯಲ್ಲಿ ದಿನವೂ 'ಆನೆಕಿವಿ' ಎನ್ನಿಸಿಕೊಂಡು, ಬೇಸಿಗೆಯಲ್ಲೂ ಟೋಪಿ ತೆಗೆಯಲೊಲ್ಲದ ಹುಡುಗನಿಗೆ 'ದೇಹ ನಶ್ವರ' ಎಂದು ಬೋಧಿಸುವುದು ವೈರಾಗ್ಯವಲ್ಲ, ನಿರ್ದಯೆ. ತಿಳಿವಳಿಕೆ ಬಂದ ಮಗು ತಾನಾಗಿ ಕೇಳಿ, ಅಪಾಯಗಳನ್ನೂ ಅರಿತು ಒಪ್ಪಿದರೆ ತಂದೆತಾಯಿ ಅಡ್ಡಬರಬೇಕಾಗಿಲ್ಲ.

ಆಕ್ಷೇಪವಿರುವುದು ಮಗು ಕೇಳದಿದ್ದಾಗ. 'ಮುಂದೆ ಸಂಬಂಧ ಕೂಡಿಬರುವುದು ಕಷ್ಟ' ಎಂಬ ಭಯದಿಂದ ಹೆಣ್ಣುಮಗುವನ್ನು ಆರನೆಯ ವಯಸ್ಸಿಗೇ ಶಸ್ತ್ರಚಿಕಿತ್ಸೆಯ ಮೇಜಿಗೆ ಒಯ್ಯುವುದು ಚಿಕಿತ್ಸೆಯಲ್ಲ. ಅದು ಮದುವೆಯ ಮಾರುಕಟ್ಟೆಗೆ ಮುಂಗಡವಾಗಿ ಕಟ್ಟಿದ ಸುಂಕ. ಕಾನೂನು 12 ವರ್ಷದೊಳಗಿನ ಮಗುವಿನ ಪರವಾಗಿ ಪೋಷಕರ ಸಮ್ಮತಿಯನ್ನು ಮನ್ನಿಸುತ್ತದೆ, ಆದರೆ ಮಗುವಿನ ಹಿತಕ್ಕಾಗಿ ಮಾತ್ರ. 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕೆನ್ನುತ್ತದೆ. ಭಾವೀ ಬೀಗರ ಕಣ್ಣಿಗೆ ಹಿತವಾದದ್ದು ಮಗುವಿನ ಹಿತವೆಂದು ಯಾವ ನ್ಯಾಯದಿಂದ ಹೇಳಲಾದೀತು?

ಜಿನಬಿಂಬಗಳ ಕಿವಿಗಳು ನೀಳವಾಗಿರುತ್ತವೆ. ಶ್ರವಣಬೆಳಗೊಳದ ಗೊಮ್ಮಟನ ಕಿವಿಯೂ ಸಾಮಾನ್ಯ ಮನುಷ್ಯನ ಅಳತೆಯದಲ್ಲ. ಅದನ್ನು ಮಹಾಪುರುಷರ ಲಕ್ಷಣವೆಂದು ಕೈಮುಗಿಯುವ ಸಮಾಜವೇ ಮನೆಯ ಕೂಸಿನ ಕಿವಿ ಕಂಡು ನಗುವುದು ವಿಚಿತ್ರ. ಮಾತಿನಿಂದಾಗುವ ನೋವೂ ಹಿಂಸೆಯೇ ಎಂಬುದು ಪಾಠಶಾಲೆಯ ಮೊದಲ ಪಾಠಗಳಲ್ಲೊಂದು.

ಆದ್ದರಿಂದ ಕೆಲಸ ಮೂರು ಕಡೆ ಆಗಬೇಕು. ಮಕ್ಕಳ ದೇಹವನ್ನು ಹಿಡಿದು ಅಡ್ಡಹೆಸರಿಡುವುದನ್ನು ಪಾಠಶಾಲೆ ಮತ್ತು ಶಾಲೆಗಳು ಗಂಭೀರ ತಪ್ಪೆಂದು ಎಣಿಸಬೇಕು. ವಧೂವರರ ಪರಿಚಯ ಮೇಳಗಳ ಅರ್ಜಿಯಲ್ಲಿ ಬಣ್ಣ, ರೂಪಗಳ ಅಂಕಣಗಳಿದ್ದರೆ ಅವನ್ನು ಅಳಿಸಬೇಕು. ಸೌಂದರ್ಯಕ್ಕಾಗಿ ಮಗುವಿನ ಅಂಗವನ್ನು ತಿದ್ದುವ ಮೊದಲು ವೈದ್ಯರು ಮಗುವಿನೊಡನೆ ಪ್ರತ್ಯೇಕವಾಗಿ ಮಾತನಾಡಿ ಅದರ ಇಚ್ಛೆಯನ್ನು ಬರೆದಿಡಬೇಕೆಂಬ ನಿಯಮವನ್ನು ಸರಕಾರ ತರಬೇಕು. ಅಲ್ಲಿಯವರೆಗೆ ತಂದೆತಾಯಿಯರೇ ಆ ಒಂದು ಪ್ರಶ್ನೆಯನ್ನು ಮಗುವಿಗೆ ಕೇಳಿ, ಉತ್ತರಕ್ಕಾಗಿ ಕೆಲವು ವರ್ಷ ಕಾಯಬಹುದು. ಕಾದರೆ ಕಿವಿಗೆ ಹಾನಿಯಿಲ್ಲ; ಈ ಶಸ್ತ್ರಚಿಕಿತ್ಸೆಯನ್ನು ದೊಡ್ಡವರಾದ ಮೇಲೂ ಮಾಡಿಸಿಕೊಳ್ಳಬಹುದು.