ಮಳೆ ಮೊದಲೇ ಬಂದಿದ್ದರೆ?

ಸೋಮನಾಥಪುರದ ಕೇಶವ ದೇವಾಲಯ ನೋಡಿ ಬಂದ ಮಕ್ಕಳು ಹೊರಗೆ ಮರದಡಿ ಬುತ್ತಿ ಬಿಚ್ಚಿದ್ದರು. ಒಂಬತ್ತನೇ ತರಗತಿಯ ಹುಡುಗನೊಬ್ಬ ಚಿತ್ರಾನ್ನದ ತುತ್ತು ಕೈಯಲ್ಲೇ ಹಿಡಿದು, ‘ಸಾರ್, ಮೀರ್ ಸಾದಿಕ ದ್ರೋಹ ಮಾಡದೇ ಇದ್ದಿದ್ರೆ ಟಿಪ್ಪು ಗೆಲ್ತಿದ್ನಾ?’ ಎಂದ. ‘ಅದೆಲ್ಲ ಪರೀಕ್ಷೆಗೆ ಬರಲ್ಲ, ಊಟ ಮಾಡು’ ಎಂದುಬಿಟ್ಟೆ. ಮನೆಗೆ ಬಂದ ಮೇಲೆ ನನ್ನ ಮೇಲೇ ಸಿಟ್ಟು ಬಂತು. ‘ಹೀಗಾಗಿದ್ದರೆ?’ ಎಂದು ಕೇಳುವುದೇ ವಿಜ್ಞಾನದ ಮೊದಲ ಪಾಠವಲ್ಲವೇ?

ಇದು ಹಳೆಯ ಆಟ. ಅಲೆಕ್ಸಾಂಡರ್ ರೋಮಿನ ಮೇಲೆ ದಂಡೆತ್ತಿ ಹೋಗಿದ್ದರೆ ಏನಾಗುತ್ತಿತ್ತು ಎಂದು ಲಿವಿ ಎಂಬ ಇತಿಹಾಸಕಾರ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾನೆ. ರೋಮೇ ಗೆಲ್ಲುತ್ತಿತ್ತು ಎಂಬುದು ಅವನ ತೀರ್ಮಾನ. ಅವನು ರೋಮಿನವನು, ಬಿಡಿ!

ಮರುದಿನ ತರಗತಿಯಲ್ಲಿ ಒಂದು ಕಟ್ಟುಪಾಡು ಹಾಕಿದೆ. ಪ್ರಯೋಗದಲ್ಲಿ ಮಾಡುವಂತೆ ಒಂದನ್ನು ಮಾತ್ರ ಬದಲಾಯಿಸಬೇಕು, ಅದೂ ನಿಜವಾಗಿ ಬದಲಾಗಬಹುದಾಗಿದ್ದ ಸಂಗತಿಯಾಗಿರಬೇಕು. ಟಿಪ್ಪುವಿಗೆ ವಿಮಾನ ಕೊಡುವ ಹಾಗಿಲ್ಲ. ಮನುಷ್ಯನ ಮನಸ್ಸನ್ನು ಅಳೆಯಲಾಗದು, ನದಿಯ ನೀರನ್ನು ಅಳೆಯಬಹುದು. ಆದ್ದರಿಂದ ಸಾದಿಕನನ್ನು ಬಿಟ್ಟು ಕಾವೇರಿಯನ್ನು ಹಿಡಿದೆವು.

1799ರ ಮೇ 4ರ ಮಧ್ಯಾಹ್ನ ಬ್ರಿಟಿಷರ ಸೈನಿಕರು ಶ್ರೀರಂಗಪಟ್ಟಣದ ಬಳಿ ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿ, ಕೋಟೆಗೋಡೆ ಒಡೆದಿದ್ದ ಕಡೆ ನುಗ್ಗಿದರು. ಬೇಸಿಗೆಯ ನದಿ, ನೀರು ಕಡಿಮೆ. ಸಂಜೆಯೊಳಗೆ ಎಲ್ಲ ಮುಗಿದಿತ್ತು. ಮರುದಿನ ಸಂಜೆ ಟಿಪ್ಪುವನ್ನು ಮಣ್ಣು ಮಾಡಿದಾಗ ಗುಡುಗು ಸಿಡಿಲಿನ ಮಳೆ ಬಂತು. ‘ಒಂದೇ ದಿನ ತಡ ಸಾರ್!’ ಎಂದು ಮಕ್ಕಳು ಹೌಹಾರಿದರು. ಹಾಗಲ್ಲ. ಒಂದು ಸಂಜೆಯ ಮಳೆಗೆ ಕಾವೇರಿ ತುಂಬುವುದಿಲ್ಲ, ಕೊಡಗಿನಲ್ಲಿ ಸುರಿಯಬೇಕು. ಆ ಮುಂಗಾರು ಸಾಮಾನ್ಯವಾಗಿ ಜೂನ್‌ನಲ್ಲಿ. ಆಗ ಕನ್ನಂಬಾಡಿ ಕಟ್ಟೆಯೂ ಇರಲಿಲ್ಲ, ಬಂದ ನೀರೆಲ್ಲ ನೇರ ಕೋಟೆಯ ಬುಡಕ್ಕೇ.

ಹಾಗಾದರೆ ಮೇ ತಿಂಗಳಲ್ಲಿ ನದಿ ತುಂಬುವುದು ಬರೀ ಕಲ್ಪನೆಯೇ? ಅಲ್ಲ. ಎಂಟು ವರ್ಷ ಹಿಂದೆ ಅದು ನಡೆದೇ ಇತ್ತು. 1791ರ ಮೇನಲ್ಲಿ ಕಾರ್ನ್‌ವಾಲಿಸ್ ನಮ್ಮೂರಿಗೆ ಅಷ್ಟೇನೂ ದೂರವಲ್ಲದ ಅರಕೆರೆಗೆ ಬಂದಾಗ ಹೊಳೆ ದಾಟಲಾಗದಷ್ಟು ಉಕ್ಕಿತ್ತು. 15ರಂದು ಕಾಳಗದಲ್ಲಿ ಗೆದ್ದ. ಗೆದ್ದರೇನು? ಮಳೆ, ಕಾಳಿಲ್ಲ, ಬಂಡಿ ಎಳೆಯುವ ಎತ್ತುಗಳು ಸಾಲಾಗಿ ಸಾಯುತ್ತಿದ್ದವು. ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂತಿರುಗಿದ.

ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1792ರ ಫೆಬ್ರವರಿಯಲ್ಲಿ, ನೀರು ಇಳಿದ ಮೇಲೆ, ಅವನು ಮತ್ತೆ ಬಂದ. ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಮಳೆ ಕೊಟ್ಟದ್ದು ಒಂಬತ್ತು ತಿಂಗಳು. 1799ರಲ್ಲೂ ಅಷ್ಟೇ ಕೊಡುತ್ತಿತ್ತೇನೋ ಎಂದೆ.

ಹಿಂದಿನ ಬೆಂಚಿನ ಹುಡುಗಿ ಒಪ್ಪಲಿಲ್ಲ. ‘1799ರಲ್ಲೂ ಅವರ ಹತ್ರ ಅಕ್ಕಿ ಕಡಿಮೆ ಇತ್ತು ಅಂತ ಓದಿದೀನಿ ಸಾರ್. ಮತ್ತೆ ಅಷ್ಟು ಬೇಗ ಬರ್ತಿದ್ರು ಅಂತ ಹೇಗೆ ಹೇಳ್ತೀರಿ?’ ನಿಜ, ಇತ್ತು. ನನ್ನ ಬಳಿ ತಕ್ಷಣಕ್ಕೆ ಉತ್ತರವಿರಲಿಲ್ಲ.

ಅಷ್ಟರಲ್ಲಿ ಚಿತ್ರಾನ್ನದ ಹುಡುಗ ಎದ್ದು ನಿಂತ: ‘ಸಾರ್, 1791ರಲ್ಲಿ ಹೊಳೆ ತುಂಬದೇ ಇದ್ದಿದ್ರೆ?’

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.