ಪರಭಾಷೆಯಲ್ಲಿ ಹಾಡಿದವರು

ಜರ್ಮನಿಯ ಹ್ಯಾನೋವರ್ ನಗರವೆಂದೊಡನೆ ರಾಕ್ ಸಂಗೀತದ ರಸಿಕರಿಗೆ ನೆನಪಾಗುವುದು 'ಸ್ಕಾರ್ಪಿಯನ್ಸ್'. ಅದೇ ಊರಿನಲ್ಲಿ 1969ರಲ್ಲಿ ಫ್ರಾಂಕ್ ಬೋರ್ನೆಮನ್ನರು ಕಟ್ಟಿದ 'ಎಲಾಯ್' ತಂಡವನ್ನು ಬಲ್ಲವರು ಬಹಳ ಕಡಮೆ. ಆ ಹೆಸರು ಎಚ್. ಜಿ. ವೆಲ್ಸನ 'ದಿ ಟೈಮ್ ಮೆಷಿನ್' ಕಾದಂಬರಿಯದು. ದೂರದ ಭವಿಷ್ಯದಲ್ಲಿ ಬಾಳುವ ಒಂದು ಮಾನವಕುಲಕ್ಕೆ ಅವನಿತ್ತ ನಾಮ. ತಂಡ ಹಾಡಿದ್ದೂ ಇಂಗ್ಲಿಷಿನಲ್ಲಿಯೇ.

ತೊಡಕಾದದ್ದು ಅಲ್ಲಿಯೇ. ಬೋರ್ನೆಮನ್ನರ ಇಂಗ್ಲಿಷಿನಲ್ಲಿ ಜರ್ಮನ್ ನಾಲಗೆಯ ಗಡಸು ಅಳಿದಿಲ್ಲ. ವಿಮರ್ಶಕರು ಅದನ್ನೇ ಹಿಡಿದು ಹಾಸ್ಯಮಾಡಿದರು. ಈ ನ್ಯಾಯ ನನಗೆ ಒಪ್ಪಿಗೆಯಾಗದು. ಕನ್ನಡದ ನಾಲಗೆಯಿಂದಲೇ ಇಂಗ್ಲಿಷನ್ನಾಡುವ ನಾವಂತೂ ಆ ನಗೆಯಲ್ಲಿ ಪಾಲುಗೊಳ್ಳುವುದು ತರವಲ್ಲ. 1977ರ 'ಓಷನ್' ಧ್ವನಿಮುದ್ರಿಕೆಯನ್ನು ಕೇಳಿರಿ. ಇರುವುದು ನಾಲ್ಕೇ ಹಾಡುಗಳು. ಪ್ಲೇಟೋ ವರ್ಣಿಸಿದ, ಕಡಲು ನುಂಗಿದ ಅಟ್ಲಾಂಟಿಸಿನ ಉದಯ ಮತ್ತು ವಿನಾಶ ಅದರ ವಸ್ತು. ಸಾಹಿತ್ಯವನ್ನು ರಚಿಸಿದವರು ಡ್ರಮ್ ವಾದಕ ಯೂರ್ಗನ್ ರೋಸೆಂತಾಲ್. ಕೊನೆಯ ಹಾಡಿನ ಉದ್ದುದ್ದ ಶೀರ್ಷಿಕೆಯಲ್ಲಿ 'ಅಪರಾಹ್ನ 13 ಗಂಟೆ' ಎಂದಿದೆ! ಹುಟ್ಟು ಇಂಗ್ಲಿಷರಾರೂ ಹಾಗೆ ಬರೆಯರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಕಾಲು ಗಂಟೆಗೂ ಮೀರಿದ ಆ ಹಾಡು ಮುಗಿಯುವ ಹೊತ್ತಿಗೆ ನಗೆ ಉಳಿದಿರಲಿಲ್ಲ. ಮುಳುಗಿಹೋದ ನಾಡಿನ ಕಥೆಯನ್ನು ಹೇಳುವ ಕಂಠ ನುಣುಪಾಗಿರಬೇಕೆಂದು ಯಾರು ವಿಧಿಸಿದರು? ಆ ಪರಕೀಯ ಉಚ್ಚಾರವೇ ಕಥೆಗೆ ಬೇಕಾದ ದೂರವನ್ನು ತಂದಿದೆ. ತಪ್ಪಿಲ್ಲದ ಇಂಗ್ಲಿಷಿನಲ್ಲಿ ಈ ಗುಣ ಬರುತ್ತಿತ್ತೆಂದು ನನಗನಿಸದು.

ಬೋರ್ನೆಮನ್ನರು 2017 ಮತ್ತು 2019ರಲ್ಲಿ, ಎರಡು ಭಾಗಗಳಾಗಿ, ಜೋನ್ ಆಫ್ ಆರ್ಕಳ ಚರಿತ್ರೆಯನ್ನು ಹೊರತಂದರು. ಇಂಗ್ಲಿಷರೊಡನೆ ಹೋರಾಡಿದ ಫ್ರೆಂಚ್ ಕನ್ಯೆಯ ಕಥೆ, ಜರ್ಮನರ ತಂಡದಿಂದ, ಇಂಗ್ಲಿಷ್ ನುಡಿಯಲ್ಲಿ.