ಯಂತ್ರಬಲವೂ ಕಾರ್ಮಿಕರ ಶಿಕ್ಷಣವೂ

ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯು ಗಂಗರಾಜನ ಮಗನಾದ ಬೊಪ್ಪದೇವನಿಂದ 1133ರಲ್ಲಿ ನಿರ್ಮಿತವಾದುದು. ಅದರ ಕಂಬಗಳ ನುಣುಪನ್ನು ಕಂಡವರು ಕಲ್ಲನ್ನು ಹೀಗೆ ಕಡೆದ ಕೈಗಳ ಶಿಕ್ಷಣವೆಂತಹುದೆಂದು ಬೆರಗಾಗುವರು. ಆ ಊರಿನ ಸುತ್ತಣ ಯುವಕರು ಇಂದು ಗಿರಣಿಗಳಿಗೂ, ಹಾಸನ ಬೆಂಗಳೂರುಗಳ ಕಾರಖಾನೆಗಳಿಗೂ ದುಡಿಯಹೋಗುತ್ತಿರುವರು. ಅವರ ಕೈಗೆ ಒಪ್ಪಿಸಿರುವ ಬಲವು ಪೂರ್ವಿಕರ ಬಲಕ್ಕಿಂತ ನೂರ್ಮಡಿ ಹೆಚ್ಚು. ಕೊಟ್ಟಿರುವ ಶಿಕ್ಷಣವೋ ಎಷ್ಟೋ ಕಡೆ ಅರ್ಧ ದಿನದ್ದು. ಕೈ ನಿಂತರೆ ಉಳಿಯು ನಿಲ್ಲುವುದು. ಯಂತ್ರವು ಯಾರ ಕೈಯನ್ನೂ ಕಾಯುವುದಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಂದಿನಿಂದ ನಮ್ಮ ನಾಡು ಯಂತ್ರವನ್ನು ನಡೆಸುವುದನ್ನು ಕಲಿತಿದೆ. ನಿಲ್ಲಿಸಿದ ಯಂತ್ರವನ್ನು ನಿಂತಂತೆಯೇ ಇರಿಸುವ ವಿದ್ಯೆಯನ್ನು ಮಾತ್ರ ಚೆನ್ನಾಗಿ ಕಲಿತಿಲ್ಲ.

ಅಪಘಾತವು ಸಂಭವಿಸುವ ಬಗೆಯನ್ನು ವಾಚಕರು ವಿಚಾರಿಸಬೇಕು. ಯಂತ್ರವು ಓಡುತ್ತಿರುವಾಗ ಕಾರ್ಮಿಕನು ಎಚ್ಚರವಾಗಿಯೇ ಇರುವನು. ಅದು ನಿಂತಾಗಲೇ ಅವನು ಮೈಮರೆಯುವುದು. ಗಿರಣಿಯಲ್ಲಿ ಕಾಳು ಸಿಕ್ಕಿಕೊಂಡಿತು, ಆಲೆಮನೆಯ ಗಾಣದಲ್ಲಿ ಕಬ್ಬು ಕಚ್ಚಿಕೊಂಡಿತು. ಅಷ್ಟರಲ್ಲಿ ಕರೆಂಟು ಹೋಯಿತು. ಇದೇ ಸಮಯವೆಂದು ಅವನು ಕೈ ಹಾಕುವನು. ಹೋದ ಕರೆಂಟು ಹೇಳಿ ಬರುವುದಿಲ್ಲ. ತಾನಾಗಿಯೇ ಚಾಲೂ ಆಗುವ ಸ್ಟಾರ್ಟರನ್ನು ಹಾಕಿಸಿದ್ದರಂತೂ ಯಾರೂ ಗುಂಡಿಯನ್ನು ಒತ್ತಬೇಕಾಗಿಯೇ ಇಲ್ಲ. ಹೋದ ಬೆರಳು ಮತ್ತೆ ಬಾರದು.

ಸ್ವಿಚ್ಚನ್ನು ತೆಗೆದಮಾತ್ರಕ್ಕೆ ಬಲವೆಲ್ಲವೂ ಅಡಗುವುದೆಂಬುದೂ ಭ್ರಮೆಯೇ. ಭಾರದ ಚಕ್ರವು ಇನ್ನೂ ಸುತ್ತುತ್ತಿರುವುದು. ಕೊಳವೆಯಲ್ಲಿ ಒತ್ತಿದ ಗಾಳಿಯೂ ಆವಿಯೂ ಉಳಿದಿರುವುವು. ಸುರುಳಿ ಕಂಬಿಯು ಬಿಗಿದುಕೊಂಡಿರುವುದು. ಮೇಲೆತ್ತಿದ ಟ್ರೇಲರಿನ ತೊಟ್ಟಿಯು ಎಣ್ಣೆಯ ಒತ್ತಡವೊಂದರ ಮೇಲೆಯೇ ನಿಂತಿರುವುದು. ಇವನ್ನು ಗುರುತಿಸಲು ಕಲಿಸುವುದೇ ಶಿಕ್ಷಣದ ಮೊದಲ ಪಾಠವಾಗಬೇಕು.

ಎರಡನೆಯ ಪಾಠವು ಕ್ರಮದ್ದು. ದುರಸ್ತಿಗೆ ಮುನ್ನ ಸುತ್ತಲಿನವರಿಗೆಲ್ಲ ತಿಳಿಸಬೇಕು. ಯಂತ್ರವನ್ನು ನಿಲ್ಲಿಸಿ, ಬಲವು ಬರುವ ಮೂಲದಲ್ಲಿಯೇ ಅದನ್ನು ಕಡಿಯಬೇಕು. ಅಲ್ಲಿ ಕೆಲಸಗಾರನು ತನ್ನ ಸ್ವಂತ ಬೀಗವನ್ನು ಹಾಕಿ, ಹೆಸರಿನ ಚೀಟಿಯನ್ನು ಕಟ್ಟಿ, ಬೀಗದ ಕೈಯನ್ನು ತನ್ನ ಬಳಿಯಲ್ಲೇ ಇಟ್ಟುಕೊಳ್ಳಬೇಕು. ಉಳಿದ ಒತ್ತಡವನ್ನು ಹೊರಬಿಟ್ಟು, ಎತ್ತಿದ ಭಾರಕ್ಕೆ ಆಧಾರ ಕೊಡಬೇಕು. ಕಡೆಗೆ ಗುಂಡಿಯನ್ನು ಒತ್ತಿ, ಯಂತ್ರವು ಅಲುಗದೆಂಬುದನ್ನು ಪರೀಕ್ಷಿಸಬೇಕು. ನಾಲ್ವರು ಕೆಲಸ ಮಾಡಿದರೆ ನಾಲ್ಕು ಬೀಗಗಳು. ತನ್ನ ಬೀಗವನ್ನು ತಾನೇ ತೆಗೆಯತಕ್ಕದ್ದು. ಅಮೆರಿಕಾ ದೇಶದವರು 1989ರಲ್ಲಿ ಇದನ್ನೇ ನಿಯಮವಾಗಿ ವಿಧಿಸಿದರು. ಬೀಗ ಹಾಕುವವನಿಗೂ, ಆ ಯಂತ್ರವನ್ನು ನಡೆಸುವವನಿಗೂ, ಅತ್ತ ಓಡಾಡುವ ಇತರರಿಗೂ ಬೇರೆ ಬೇರೆ ಬೋಧೆಯನ್ನು ಕಡ್ಡಾಯ ಮಾಡಿದರು. ಇದರಿಂದ ವರ್ಷಕ್ಕೆ ಸುಮಾರು 120 ಪ್ರಾಣಗಳು ಉಳಿಯುವುವೆಂಬುದು ಅಲ್ಲಿಯ ಇಲಾಖೆಯ ಅಂದಾಜು.

ಇದು ಪರದೇಶದವರ ಆಡಂಬರವೆಂದು ಯಾರಾದರೂ ಹೇಳಿದರೆ, ಅಂತಹವರು ಅರಸೀಕೆರೆಯ ರೈಲ್ವೆಯವರನ್ನು ಕೇಳಲಿ. ಒಂಟಿ ಹಳಿಯ ಮಾರ್ಗಗಳಲ್ಲಿ ಟೋಕನ್ನು ಕೈಗೆ ಬಾರದೆ ಡ್ರೈವರನು ಗಾಡಿಯನ್ನು ಬಿಡತಕ್ಕದ್ದಲ್ಲವೆಂಬ ಪದ್ಧತಿಯು ಬಹುಕಾಲ ನಡೆದುಬಂದಿತು. ಲೈನ್‌ಮನ್ನನೂ ಲೈನ್ ಕ್ಲಿಯರ್ ಪಡೆಯದೆ ಕಂಬವನ್ನು ಹತ್ತತಕ್ಕದ್ದಲ್ಲ. ಕಾರಖಾನೆಯ ಬೀಗವು ಇದೇ ತತ್ತ್ವದ ಇನ್ನೊಂದು ರೂಪವಲ್ಲದೆ ಬೇರೆಯಲ್ಲ.

ಕಾಯಿದೆಯೂ ಈ ವಿಷಯದಲ್ಲಿ ಮೌನವಾಗಿರಲಿಲ್ಲ. ಓಡುವ ಯಂತ್ರದ ಬಳಿ ಎಣ್ಣೆ ಬಿಡುವುದೇ ಮೊದಲಾದ ಕೆಲಸವನ್ನು ತರಬೇತು ಹೊಂದಿ, ದಫ್ತರದಲ್ಲಿ ಹೆಸರು ದಾಖಲಾದವನೇ ಮಾಡಬೇಕೆಂದು 1948ರ ಕಾರಖಾನೆಗಳ ಕಾಯಿದೆಯು ವಿಧಿಸಿತು. ಬಲವನ್ನು ಕಡಿಯುವ ಸಾಧನವು ಅಕಸ್ಮಾತ್ತಾಗಿ ತಿರುಗುವಂತಹುದಾದರೆ ಅದಕ್ಕೆ ಬೀಗದ ಏರ್ಪಾಡಿರಬೇಕೆಂದು 1976ರ ತಿದ್ದುಪಡಿಯು ಸೇರಿಸಿತು. ಭೋಪಾಲದ ಘೋರ ದುರಂತದ ತರುವಾಯ, 1987ರಲ್ಲಿ, ಸುರಕ್ಷತೆಯ ತರಬೇತು ಕಾರ್ಮಿಕನ ಹಕ್ಕೇ ಆಯಿತು. ಆದರೆ ಯಂತ್ರಬಲವುಳ್ಳಲ್ಲಿ 10 ಮಂದಿ ದುಡಿದರೆ ಕಾರಖಾನೆಯೆಂದು ಆ ಕಾಯಿದೆಯು ಹೇಳಿದ್ದಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಯು ಅದನ್ನು 20ಕ್ಕೆ ಏರಿಸಿತು. ನಾಲ್ಕಾರು ಜನರ ಹಳ್ಳಿಯ ಗಿರಣಿಯು ಎರಡು ಲೆಕ್ಕಕ್ಕೂ ಹೊರಗು. ಯಂತ್ರದ ಹಲ್ಲುಗಳಾದರೋ ಜನಗಣತಿಯನ್ನು ಮಾಡಿ ಕಚ್ಚುವುದಿಲ್ಲ.

ಬೀಗ ಹಾಕುತ್ತ ಕುಳಿತರೆ ಕೆಲಸ ಸಾಗದೆಂದು ಯಜಮಾನರು ಹೇಳುವರು. ಬೀಗಕ್ಕೆ ಹಿಡಿಯುವುದು ಕೆಲವು ನಿಮಿಷಗಳು; ಅಪಘಾತವಾದರೆ ನಿಲ್ಲುವುದು ದಿನಗಟ್ಟಲೆಯ ಕೆಲಸ, ಕೆಡುವುದು ಒಂದು ಸಂಸಾರ. ಕಾರ್ಮಿಕರ ಅಜಾಗ್ರತೆಯೇ ಕಾರಣವೆಂಬ ಮಾತೂ ಉಂಟು. ಕಲಿಸದೆ ಇದ್ದುದನ್ನು ಮರೆತನೆಂದು ದೂರುವುದು ನ್ಯಾಯವಲ್ಲ. ಗೋಡೆಗೆ ಅಂಟಿಸಿದ ಇಂಗ್ಲಿಷ್ ಪ್ರಕಟಣೆಯು, ಇಂಗ್ಲಿಷನ್ನು ಅರಿಯದವನ ಪಾಲಿಗೆ ಬೋಧೆಯಲ್ಲ, ಗೋಡೆಯ ಅಲಂಕಾರ.

ಆದುದರಿಂದ ನಮ್ಮ ಸೂಚನೆಯು ಇಷ್ಟು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಸುತ್ತಿಗೆಯ ಜೊತೆಗೆ ಒಂದು ಬೀಗವನ್ನು ಕೊಟ್ಟು, ಅದರ ಉಪಯೋಗವನ್ನು ಯಂತ್ರದ ಮುಂದೆಯೇ ನಿಲ್ಲಿಸಿ ಕನ್ನಡದಲ್ಲಿ ಕಲಿಸಿ, ಪರೀಕ್ಷಿಸಲಿ. ಹೊಸ ಯಂತ್ರ ಬಂದಾಗಲೆಲ್ಲ ಪಾಠವು ಮತ್ತೆ ನಡೆಯಲಿ. ಇಲಾಖೆಯವರು ಸಣ್ಣ ಗಿರಣಿಗಳಿಗೂ ಹೋಗಿ, ದಂಡ ವಿಧಿಸುವುದಕ್ಕೆ ಮೊದಲು ಬೋಧಿಸಲಿ. 1972ರಿಂದ ಮಾರ್ಚಿ ತಿಂಗಳಿನಲ್ಲಿ ಸುರಕ್ಷತಾ ಸಪ್ತಾಹವು ನಡೆಯುತ್ತ ಬಂದಿದೆ. ಹಾರ ಭಾಷಣಗಳಿಗೆ ಆಗುವ ವೆಚ್ಚದಲ್ಲಿ ಎಷ್ಟೋ ಬೀಗಗಳನ್ನು ಕೊಳ್ಳಬಹುದು. ನಾಡಿನ ಸಂಪತ್ತು ದುಡಿಯುವ ಕೈಗಳಲ್ಲಿದೆ. ಆ ಕೈಗಳನ್ನು ಕಾಯದ ಕೈಗಾರಿಕೆಯು ಆ ಹೆಸರಿಗೆ ತಕ್ಕುದಲ್ಲ.